ಬಾಗಿಲಿನಿಂದ ಬಲಕ್ಕೆ

ಹೆಂಡತಿಯ ಜ್ಞಾಪಕಶಕ್ತಿಯನ್ನು ನಂಬಿ ಮಗ್ಗ ನಡೆಸುವ ದೌರ್ಭಾಗ್ಯ ಕರುಮತ್ತಂಪಟ್ಟಿಯಲ್ಲಿ ನನ್ನೊಬ್ಬನದೇ ಇರಬೇಕು.

ನಮ್ಮ ಸೀರೆಯಂಚಿನ ನವಿಲು ಇರುವುದು ತೂತು ಕೊರೆದ ರಟ್ಟುಗಳ ಸರದಲ್ಲಿ. ಸರವನ್ನು ಮಗ್ಗಕ್ಕೆ ಏರಿಸಿದರೆ ನವಿಲು ತಾನಾಗಿ ಬಟ್ಟೆಗಿಳಿಯುತ್ತದೆ. ನಾನದನ್ನು ತಿದ್ದಿದ್ದೇನೆ, ಹಳೆಯದನ್ನೂ ಎಸೆದಿಲ್ಲ. ಹಳೆಯ ನವಿಲು ಒಂದು ಪೆಟ್ಟಿಗೆಯಲ್ಲಿ, ತಿದ್ದಿದ ನವಿಲು (ಊರವರು ಅದನ್ನು ಕೋಳಿ ಎನ್ನುತ್ತಾರೆ, ಅವರಿಗೇನು ಗೊತ್ತು!) ಇನ್ನೊಂದರಲ್ಲಿ. ಎಲ್ಲಿದೆ ಎಂದು ಕೇಳಿದರೆ ಹೆಂಡತಿ ಮಲ್ಲಿಗಾ, "ಅಲ್ಲೇ ಎಲ್ಲೋ ಐತೆ" ಎನ್ನುವಳು. ಅದೂ ಒಂದು ವಿಳಾಸವೇ?

ಅದಕ್ಕೇ ಪ್ರತಿ ಪೆಟ್ಟಿಗೆಗೂ ಒಂದು ಶಾಶ್ವತ ಮಾರ್ಗವನ್ನು ವಿಧಿಸಿ ಅವಳಿಗೆ ಬಾಯಿಪಾಠ ಮಾಡಿಸಿದೆ. "ಹಳೇ ನವಿಲು: ಬಾಗ್ಲು, ಬಲಗಡೆ ಅಟ್ಟ. ತಿದ್ದಿದ್ದು: ಬಾಗ್ಲು, ಎಡಗಡೆ ಅಟ್ಟ. ಸ್ವಂತ ಬುದ್ಧಿ ಓಡಿಸ್ಕೂಡ್ದು!"

ಆಮೇಲೆ ನೂಲು ಪದೇ ಪದೇ ಹರಿಯತೊಡಗಿತು. ತೆಂಕಣ ಬಾಗಿಲಿನ ದೋಷ ಎಂದರು ವಾಸ್ತು ನೋಡುವ ಮನೆಯಡಿ ಶಾಸ್ತ್ರದವರು. ಮಲ್ಲಿಗಾ ಬೇಡವೆಂದರೂ ಕೇಳದೆ ಶೆಡ್ಡಿನ ಬಾಗಿಲನ್ನು ಮುಚ್ಚಿಸಿ, ಎದುರು ಗೋಡೆಯಲ್ಲಿ ಹೊಸದನ್ನು ಇಡಿಸಿದೆ.

ಎಂಬತ್ನಾಲ್ಕರ ತೈ ತಿಂಗಳು, ಸಂಕ್ರಾಂತಿ ಕಳೆದ ಮದುವೆಗಳ ಕಾಲ. ಗಾಂಧಿಪುರಂ ಅಂಗಡಿಯ ವೆಲ್ಲಿಂಗಿರಿಯಣ್ಣ ಹೇಳಿಕಳಿಸಿದರು: ಮದುವೆ ಹೆಣ್ಣಿಗೂ ಅವಳ ತಂಗಿಯರಿಗೂ ಹಳೆಯ ನವಿಲಿನ ಅಂಚೇ ಬೇಕು, ತಪ್ಪಿದರೆ ನಮ್ಮ ಸೀರೆ ಇನ್ನು ಅವರ ಅಂಗಡಿಯ ಮೆಟ್ಟಿಲೇರುವುದಿಲ್ಲ. ಕೆಲಸವನ್ನು ಮಲ್ಲಿಗಾಗೆ ಒಪ್ಪಿಸಿ ತಿರುಪ್ಪೂರಿನ ಅಕ್ಕನ ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಮೊದಲ ಸೀರೆ ಇಳಿದಿತ್ತು. ಅಂಚಿನುದ್ದಕ್ಕೂ ಕೋಳಿ! (ಹೌದು, ಸಿಟ್ಟಿನಲ್ಲಿ ನೋಡಿದರೆ ಕೋಳಿಯೇ.)

"ಕಣ್ಣಿಲ್ವಾ ನಿಂಗೆ?" ಎಂದು ಕಿರುಚಿದೆ.

"ನೀವು ಹೇಳ್ದಂಗೆ ತಾನೆ ಮಾಡ್ದೆ. ಬಾಗ್ಲು, ಬಲಗಡೆ ಅಟ್ಟ."

"ಅದು ಹಳೇ ಬಾಗ್ಲಿಂದ!"

"ಬಾಗ್ಲು ಕಿತ್ತಿದ್ದು ಯಾರು? ಕೋಳಿ ಅಂತ ನಂಗೂ ಸಂದೇಗ ಬಂತು. ಬುದ್ಧಿ ಓಡಿಸ್ಬೇಡ ಅಂದಿದ್ರಲ್ಲ, ಸುಮ್ನಾದೆ."

ಮೈಯೆಲ್ಲ ಉರಿದುಹೋಯಿತು. ತಪ್ಪು ನನ್ನದಂತೆ! ಹಳೆಯ ನವಿಲನ್ನು ನಾನೇ ಇಳಿಸಿಕೊಟ್ಟು ಮತ್ತೆ ನೇಯಿಸಿದೆ. ಮಾರ್ಗದ ಲೋಪವನ್ನೂ ಸರಿಪಡಿಸಬೇಕಿತ್ತು. "ಇನ್ಮೇಲೆ ಎಲ್ಲಾ ದಾರೀನೂ ಚೌಡೇಶ್ವರಿ ಪಟದಿಂದ ಶುರು" ಎಂದು ಘೋಷಿಸಿದೆ.

"ಪಟಾನೂ ಮೂಲೆ ಬದಲಾಯ್ಸಿದ್ರಲ್ಲ ನೀವು?" ಎಂದಳು ಮಲ್ಲಿಗಾ.

ರಾಟೆಯ ಮುಂದೆ ಕುಳಿತಿದ್ದ ನನ್ನ ತಾಯಿ ಬೆಳ್ಳಿಯಮ್ಮ ಬಾಯಿ ಹಾಕಿದಳು. "ಈ ಶೆಡ್ಡಲ್ಲಿ ಅಲ್ಲಾಡ್ದೇ ಇರೋದು ಒಂದೇ ಕಣ್ಲಾ. ನಿನ್ನ ಹಗ್ಗದ ಮಂಚ. ಮ್ಯಾಲೆ ನೀನು."

ಅತ್ತೆ ಸೊಸೆ ಒಂದಾಗಿದ್ದು ಅಂದೇ ಮೊದಲು. ಈಗ ಎಲ್ಲ ಪೆಟ್ಟಿಗೆಗಳ ಮಾರ್ಗವೂ ನನ್ನ ತಲೆಯಿಂದಲೇ ಆರಂಭ. ಮಧ್ಯಾಹ್ನ ಮಂಚದ ಮೇಲೆ ಒಂದಿಷ್ಟು ಹೊರಳಿದರೂ ಅಟ್ಟದ ಮೇಲಿನಿಂದ ಕೂಗು ಬರುತ್ತದೆ:

"ಅಲ್ಲಾಡ್ಬೇಡಿ ಅಂದ್ರೆ! ಪೆಟ್ಟಿ ಹುಡುಕ್ತಾ ಇದೀನಿ!"