ಮಹಾರುದ್ರಪ್ಪನ ಕಾರಿಗೆ ನೆನಪು ಮರಳಿದ್ದು

ಎರಡು ಸಲ ತಪ್ಪಿಹೋಗಿ ಮೂರನೆಯ ಸಲ ಸಿಕ್ಕಿದ್ದ ಕಣ್ಣಿನ ಆಪರೇಷನ್ನಿನ ದಿನ. ಬೆಳಿಗ್ಗೆ ಒಂಬತ್ತಕ್ಕೆ ನೀಲವ್ವ ರಿಪೋರ್ಟಿನ ಚೀಲ ಹಿಡಿದು ಅಂಗಳಕ್ಕೆ ಬಂದಾಗ, ಅವಳ ಗಂಡ ಮಹಾರುದ್ರಪ್ಪ ಕಾರಿನ ಬಾನೆಟ್ಟಿಗೆ ಊದಿನಕಡ್ಡಿ ಬೆಳಗುತ್ತಿದ್ದ.

“ಇಲ್ಲಿ ಬಂದ್ ನಿಂದರು. ಇವತ್ತ ಒಂದ್ ಚಮತ್ಕಾರ ತೋರಸತೇನಿ” ಎಂದ.

ನೀಲವ್ವ ನಿಂತಳು. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಹೀಗೆ ಎಷ್ಟು ಸಲ ನಿಂತಿದ್ದಳೋ, ಲೆಕ್ಕ ಬಿಟ್ಟುಹೋಗಿತ್ತು.

ಗದಗಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ ಮಹಾರುದ್ರಪ್ಪ ಹಳೆಯ ಗಾಡಿಗಳಿಗೆ ಜೀವ ಕೊಡುವ ಹುಚ್ಚು ಹಚ್ಚಿಕೊಂಡಿದ್ದ. ಈ ಕಾರು ಅರವತ್ನಾಲ್ಕನೇ ಇಸವಿಯದು. ಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಅದರ ಮೈಯೊಂದೇ ಅದರದು, ಒಳಗಿನದೆಲ್ಲ ಊರೂರಿನ ಗುಜರಿಯಿಂದ ಆಯ್ದು ತಂದದ್ದು. ಹಾಗಾಗಿ ಒಂದು ಭಾಗಕ್ಕೂ ಇನ್ನೊಂದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಕೂಡುಕುಟುಂಬದ ವಾರಗಿತ್ತಿಯರಂತೆ ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ನೀಲವ್ವನ ಮೊದಲ ಎರಡು ತಾರೀಖುಗಳನ್ನು ನುಂಗಿದ್ದೂ ಇದೇ ಕಾರು.

ಅದಕ್ಕೇ ಈಗ ಬಾನೆಟ್ಟಿನೊಳಗೆ ತಾನೇ ಮಾಡಿದ ಜ್ಞಾಪಕಯಂತ್ರ ಕೂರಿಸಿದ್ದ. ಕಬ್ಬಿಣ ಏನನ್ನೂ ಮರೆಯುವುದಿಲ್ಲ, ವಯಸ್ಸಾದಂತೆ ತೂಕಡಿಸುತ್ತದೆ ಅಷ್ಟೆ. ಸಣ್ಣಗೆ ನಡುಗಿಸಿದರೆ ತನ್ನ ಪ್ರಾಯದ ದಿನಗಳು ನೆನಪಾಗಿ ನೆಟ್ಟಗೆ ದುಡಿಯುತ್ತದೆ ಎಂದು ಅವನು ವಿವರಿಸಿದ. ನಡುಗಿಸುವ ಮೋಟಾರು ನೀಲವ್ವನ ಮಿಕ್ಸಿಯದು. ಗುಂಡಿ ಒತ್ತಿದೊಡನೆ ಯಂತ್ರ ತಂಬೂರಿಯಂತೆ ಗುಂಯ್‌ಗುಟ್ಟಿತು, ಕಾರು ಕೆಮ್ಮದೆ ಶುರುವಾಯಿತು.

ಆಟೋದಲ್ಲಿ ಹೋಗೋಣವೇ ಎಂದು ನೀಲವ್ವ ಮೆಲ್ಲಗೆ ಕೇಳಿದಳು. ಮಹಾರುದ್ರಪ್ಪನ ಮುಖ ಬಾಡಿತು. ಅವಳು ನಿಟ್ಟುಸಿರುಬಿಟ್ಟು ಕಾರು ಹತ್ತಿದಳು.

ಓಣಿ ದಾಟಿದ ಕೂಡಲೇ ಕಾರು ಶಾಲೆಯ ಮೈದಾನಕ್ಕೆ ನುಗ್ಗಿತು. ಮಹಾರುದ್ರಪ್ಪ ಎಷ್ಟು ಜಗ್ಗಿದರೂ ಕೇಳದೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೂರು ಸುತ್ತು ಹಾಕಿ, ಎರಡು ಕಲ್ಲುಗಳ ನಡುವೆ ಅಚ್ಚುಕಟ್ಟಾಗಿ ರಿವರ್ಸ್ ಹೋಗಿ ನಿಂತಿತು. ಆಗ ಅವನಿಗೆ ಹೊಳೆಯಿತು: ಸ್ಟೇರಿಂಗು ಡ್ರೈವಿಂಗ್ ಸ್ಕೂಲಿನ ಕಾರಿನದು. ಪರೀಕ್ಷೆ ಪಾಸಾಯಿತೆಂದು ಅದಕ್ಕೇ ಸಮಾಧಾನವಾದ ಮೇಲೆ ರಸ್ತೆಗೆ ಬಂದಿತು.

ಮುಳಗುಂದ ನಾಕಾದಲ್ಲಿ ಬ್ರೇಕಿಗೆ ಎಚ್ಚರವಾಯಿತು. ಕಾರು ನಡೆಯುವವರ ವೇಗಕ್ಕಿಳಿಯಿತು. ದಾರಿಯ ಜನ ಪಕ್ಕಕ್ಕೆ ಸರಿದು ಚಪ್ಪಲಿ ಬಿಟ್ಟು ಕೈಮುಗಿದರು. ಅಂಗಡಿಯವನೊಬ್ಬ ಒಂದು ಹಿಡಿ ಚುರುಮರಿ ತೂರಿದ. ಅದು ಕಿಟಕಿಯಿಂದ ಒಳಗೆ ಬಂದು ನೀಲವ್ವನ ಮಡಿಲಲ್ಲಿ ಬಿತ್ತು.

“ಈ ಬ್ರೇಕ್ ಯಾವ ಗಾಡೀದ್ರಿ?” ಎಂದಳು.

ಮಹಾರುದ್ರಪ್ಪ ರಸ್ತೆಯನ್ನೇ ನೋಡುತ್ತ, “ಹೆಣದ ಗಾಡೀದು” ಎಂದ.

ಮುಂದೆ ಒಂದು ಮನೆಯೆದುರು ಕಾರು ತಾನಾಗಿ ನಿಂತು ಹಿಂದಿನ ಬಾಗಿಲು ತೆರೆದು ಕಾಯತೊಡಗಿತು. ಮೂರು ತಿಂಗಳಿಂದ ಹಾಸಿಗೆ ಬಿಟ್ಟೇಳದಿದ್ದ ಆ ಮನೆಯ ಮುದುಕ ಕಿಟಕಿಯಿಂದ ಇಣುಕಿದವನೇ ಎದ್ದು, ಧೋತರ ಎತ್ತಿ ಕಟ್ಟಿ, ಹಿತ್ತಲ ಗೋಡೆ ಹಾರಿ ಓಡಿದ. ಸೊಸೆ ಹೊರಗೆ ಬಂದು, ನೀವು ಯಾವ ಡಾಕ್ಟರು ಎಂದು ವಿಚಾರಿಸಿದಳು.

ಹತ್ತಕ್ಕೆ ಹತ್ತು ನಿಮಿಷವಿತ್ತು. ಹತ್ತು ಮೀರಿದರೆ ಮತ್ತೆ ಎರಡು ತಿಂಗಳು ಕಾಯಬೇಕೆಂದು ಡಾಕ್ಟರು ಹೇಳಿದ್ದರು. ಮಹಾರುದ್ರಪ್ಪ ಯಂತ್ರವನ್ನು ನಿಲ್ಲಿಸಿದ. ಒಮ್ಮೆ ಎಚ್ಚರವಾದ ನೆನಪು ಅಷ್ಟಕ್ಕೆ ಮಲಗಲಿಲ್ಲ. ಇನ್ನೆರಡು ನಿಮಿಷ ತಡಿ ಎನ್ನುತ್ತ ಅವನು ಬಾನೆಟ್ಟಿನೊಳಗೆ ತಲೆ ಹಾಕಿದ.

ನೀಲವ್ವನಿಗೆ ಸಿಟ್ಟೂ ಬರಲಿಲ್ಲ. ಮಡಿಲಿನ ಚುರುಮರಿ ಕೊಡವಿ ಕೆಳಗಿಳಿದಳು.

“ಕಬ್ಬಿಣಕ್ಕೆಲ್ಲಾ ನೆನಪು ಕೊಟ್ರಿ. ನನಗ ಬಲಗಣ್ಣು ಪೂರಾ ಮಬ್ಬಾಗಿ ವರ್ಷ ಆತು, ಅದು ನಿಮಗ ನೆನಪೈತೇನ್ರಿ?”

ಬಾನೆಟ್ಟಿನಿಂದ ತಲೆ ಹೊರಗೆ ಬಂತು. ಮಹಾರುದ್ರಪ್ಪ ಕೈಯ ಗ್ರೀಸನ್ನು ಅಂಗಿಗೇ ಒರೆಸಿಕೊಂಡು, ಅವಳ ಚೀಲ ತೆಗೆದುಕೊಂಡು ಆಟೋ ಕೂಗಿದ. ತನ್ನ ಗಾಡಿಯನ್ನು ನಡುರಸ್ತೆಯಲ್ಲಿ ಕೀಲಿ ಹಾಕದೆ ಬಿಟ್ಟು ಹೋದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಆಟೋದಲ್ಲಿ ಅವನು ಒಮ್ಮೆಯೂ ಹಿಂದೆ ತಿರುಗಿ ನೋಡದಿದ್ದುದನ್ನು ನೀಲವ್ವ ತನ್ನ ಮಬ್ಬುಗಣ್ಣಿನಲ್ಲೂ ಗಮನಿಸಿದಳು.

ಆಪರೇಷನ್ ಸುಸೂತ್ರವಾಯಿತು. ಸಂಜೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರೆ ಕಾರು ತಾನಾಗಿಯೇ ಬಂದು ಮನೆಯ ಮುಂದೆ ನಿಂತಿತ್ತು.

ಎಂಜಿನ್ನು ಮಾತ್ರ ಅಲ್ಲಿಯತನಕ ತನ್ನ ನೆನಪಿನ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಸೋಮವಾರ ಹನ್ನೊಂದಕ್ಕೆ ಕಾರು ತಾನೇ ಶುರುವಾಗಿ ಹೊರಟಿತು. ಮಹಾರುದ್ರಪ್ಪ ಸೈಕಲ್ಲಿನಲ್ಲಿ ಬೆನ್ನಟ್ಟಿ ನೋಡಿದರೆ, ಅದು ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಹೋಗಿ ನಿಂತಿತ್ತು. ಎಂಜಿನ್ನು ಯಾವುದೋ ಸಾಹೇಬರ ಕಾರಿನದಂತೆ. ಸಂಜೆ ನಾಲ್ಕೂವರೆಗೇ ಮನೆಗೆ ಬಂದಿತು. ದಿನವೂ ಇದೇ ನಡೆಯಿತು. ಎರಡನೇ ಶನಿವಾರ ತಳ್ಳಿದರೂ ಅಲುಗಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಹೋದದ್ದು ತಿರುಗಿ ಬರಲಿಲ್ಲ. ವಾರದ ಮೇಲೆ ಬೀದರಿನಿಂದ ಯಾರೋ ಫೋನ್ ಮಾಡಿ, ನಿಮ್ಮ ಕಾರು ನಮ್ಮ ಕಚೇರಿಗೆ ದಿನಾ ಬರುತ್ತಿದೆ ಎಂದರು. ಮಹಾರುದ್ರಪ್ಪ ಊಟ ಬಿಟ್ಟು ಕೂತ.

ನೀಲವ್ವ ತಾಟು ಮುಂದಕ್ಕೆ ಸರಿಸಿದಳು.

“ಸರಕಾರಿ ನೌಕರಿ. ವರ್ಗ ಆದಮ್ಯಾಲೆ ಹೋಗಲಿಕ್ಕೇ ಬೇಕು. ನೀವು ಉಣ್ರಿ.”