ಶೇಂಗಾ ಬಿಟ್ಟ ಗಂಗಾ

ರಾಮದುರ್ಗದಲ್ಲಿ ಶೇಂಗಾ ಮುಟ್ಟದೆ ಬದುಕುವುದೆಂದರೆ ಮಲಪ್ರಭೆಯಲ್ಲಿ ಮೈ ತೋಯಿಸದೆ ಈಜಿದ ಹಾಗೆ. ಪಲ್ಯದಲ್ಲಿ ಅದರ ಪುಡಿ, ಒಗ್ಗರಣೆಯಲ್ಲಿ ಅದರ ಎಣ್ಣೆ, ರೊಟ್ಟಿಯ ಪಕ್ಕದಲ್ಲಿ ಅದರದೇ ಚಟ್ನಿ. ಆದರೆ ಗಣಿತದ ಮಾಸ್ತರ ಸುಭಾಸನ ಮಗಳು ಗಂಗಾಳಿಗೆ ಶೇಂಗಾ ಆಗುತ್ತಿರಲಿಲ್ಲ. ಹೋದ ವರ್ಷ ಅಷ್ಟೇ ಅಷ್ಟು ಚಿಕ್ಕಿ ಕಡಿದು, ತುಟಿ ಬದನೆಕಾಯಿಯಂತೆ ಊದಿ, ಉಸಿರು ಕಟ್ಟಿ, ಬೆಳಗಾವಿಯ ಆಸ್ಪತ್ರೆಗೆ ಓಡಿದ್ದಾಗಿತ್ತು. ಇದು ಅಲರ್ಜಿ, ಒಂದು ಕಾಳೂ ಬಾಯಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಸುಭಾಸ ಅವಳ ಔಷಧವನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಯಾರು ಮಗುವಿನ ಗಲ್ಲ ಹಿಂಡಲು ಬಂದರೂ ಮೊದಲು ಅವರ ಬೆರಳು ನೋಡುತ್ತಿದ್ದ.

ಆ ಭಾನುವಾರ ಎದುರುಮನೆ ಕಟ್ಟಿಸಿದ ಹಣಮಂತಪ್ಪನವರ ಗೃಹಪ್ರವೇಶ. ಸುಭಾಸನ ಹೆಂಡತಿ ದೇವಕ್ಕ ದೊಡವಾಡದ ತವರಿಗೆ ಹೋಗುವಾಗ, ಊಟಕ್ಕೆ ಮಾತ್ರ ಹೋಗಬೇಡಿ ಎಂದು ಹೇಳಿಯೇ ಹೋಗಿದ್ದಳು. ಆದರೆ ಹಣಮಂತಪ್ಪನವರು ಖುದ್ದಾಗಿ ಬಂದು ಬಾಗಿಲಲ್ಲಿ ನಿಂತರು. ಸುಭಾಸ ಮಗಳಿಗೆ ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೊರಟ.

ಪಂಕ್ತಿಯಲ್ಲಿ ಆ ಡಬ್ಬಿ ತೆರೆದದ್ದೇ ತಡ, ಊರಿನ ವೈದ್ಯಶಾಸ್ತ್ರವೆಲ್ಲ ಎದ್ದು ನಿಂತಿತು. ಅಲರ್ಜಿ ದೊಡ್ಡ ಊರಿನವರ ರೋಗ, ಮಲಪ್ರಭೆಯ ನೀರು ಕುಡಿದವರಿಗೆ ಬರುವುದಿಲ್ಲ ಎಂದು ಹಣಮಂತಪ್ಪನವರು ತೀರ್ಪು ಕೊಟ್ಟರು. ಅದನ್ನು ಅವರು ಮೊಬೈಲಿನಲ್ಲಿ ಓದಿದ್ದರಂತೆ, ಆದ್ದರಿಂದ ವಾದಕ್ಕೆ ಜಾಗವಿರಲಿಲ್ಲ. ದಿನಾ ಒಂದೊಂದು ಕಾಳು ತಿನ್ನಿಸಿದರೆ ರೂಢಿಯಾಗುತ್ತದೆ ಎಂದ ಒಬ್ಬ. ಶೇಂಗಾದ ಜೊತೆ ಬೆಲ್ಲ ಕೊಟ್ಟರೆ ದೋಷ ಕಳೆಯುತ್ತದೆ ಎಂದ ಇನ್ನೊಬ್ಬ. ಎಣ್ಣೆಗಾಯಿಯಲ್ಲಿ ಶೇಂಗಾ ಇದೆಯೇ ಎಂದು ಸುಭಾಸ ಕೇಳಿದಾಗ ಬಡಿಸುವವನು, ಚಿಂತೆ ಮಾಡಬೇಡಿ, ಬೇಕಾದಷ್ಟು ಹಾಕಿದ್ದೇವೆ ಎಂದು ಸಮಾಧಾನ ಹೇಳಿದ.

ಪಕ್ಕದ ಮನೆಯ ಇಂದ್ರವ್ವನಿಗೆ ಗಂಗಾ ಎಂದರೆ ಮೊಮ್ಮಗಳಷ್ಟೇ ಪ್ರೀತಿ. ಹಬ್ಬದೂಟದ ನಡುವೆ ಕೂಸು ಬರೀ ಮೊಸರನ್ನ ತಿನ್ನುವುದನ್ನು ಆಕೆಯಿಂದ ನೋಡಲಾಗಲಿಲ್ಲ. ಶೇಂಗಾ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ನೇರ ಬಾಯಿಗೇ ತಂದಳು.

"ಬ್ಯಾಡ್ರಿ ಇಂದ್ರವ್ವಾರ, ಆಕೀಗೆ ಅಲರ್ಜಿ ಐತ್ರಿ."

"ಚೂರ ಐತಿ ತಮ್ಮಾ. ಇಷ್ಟಕ್ಕ ಏನಾಕ್ಕೇತಿ?"

ಕೈ ನಿಲ್ಲಲಿಲ್ಲ. ಗಂಗಾ ತುಟಿ ಬಿಗಿದುಕೊಂಡು ಅಪ್ಪನ ಕಡೆ ನೋಡಿದಳು. ಸುಭಾಸನ ಬಾಯಿಂದ ತಾನಾಗಿಯೇ ಮಾತು ಹೊರಬಿತ್ತು.

"ಗೊಡಚಿ ವೀರಭದ್ರಗ ಹರಕಿ ಐತ್ರಿ. ಶೇಂಗಾ ಬಿಟ್ಟಾಳ."

ಕೆಂಡ ಮುಟ್ಟಿದಂತೆ ಇಂದ್ರವ್ವ ಕೈ ಹಿಂದೆಳೆದಳು. ಯಾರೋ ಗಂಗಾಳ ಡಬ್ಬಿಯ ಸುತ್ತ ನೆಲ ಒರೆಸಿದರು. ಬಡಿಸುವವನು ಸೌಟು ತೊಳೆದುಕೊಂಡು ಬಂದ. ಮೊಬೈಲ್ ಓದಿದ ಹಣಮಂತಪ್ಪನವರೂ ಮಗುವಿಗೆ ಕೈ ಮುಗಿದರು. ಬೆಳಗಾವಿಯ ಡಾಕ್ಟರಿಗೆ ವರ್ಷವಿಡೀ ಆಗದ್ದನ್ನು ವೀರಭದ್ರ ಒಂದು ಗಳಿಗೆಯಲ್ಲಿ ಮಾಡಿ ತೋರಿಸಿದ್ದ. ಇಂದ್ರವ್ವ ಮಾತ್ರ ಕಣ್ಣೊರೆಸಿಕೊಂಡು, ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಆ ಮಧ್ಯಾಹ್ನ ಸುಭಾಸನಿಗೆ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು. ಅವಳ ಶಾಲೆಯಲ್ಲೂ ಇದೇ ಹರಕೆ ಹೇಳಿಬಿಟ್ಟರಾಯಿತು, ಇಷ್ಟು ಸುಲಭದ ಮದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದುಕೊಳ್ಳುತ್ತ ಮಲಗಿದ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಇಂದ್ರವ್ವ, ಹಣಮಂತಪ್ಪ, ಹಿಂದೆ ಓಣಿಯ ಅರ್ಧ ಜನ. ಇಂದ್ರವ್ವನ ಹಣೆಯ ತುಂಬ ವಿಭೂತಿ, ಕೈಯಲ್ಲಿ ಸ್ಟೀಲಿನ ಡಬ್ಬಿ. ಅಷ್ಟು ಸಣ್ಣ ಕೂಸಿಗೆ ಅಂಥ ಕಠಿಣ ಹರಕೆಯೇ ಎಂದು ಆಕೆ ರಿಕ್ಷಾ ಹಿಡಿದು ಗೊಡಚಿಗೇ ಹೋಗಿ ಬಂದಿದ್ದಳು. ಮಗುವಿನ ಹರಕೆ ಬಿಡಿಸಪ್ಪಾ, ಅದರ ಬದಲು ನಾನು ಸಾಯುವ ತನಕ ಚಹಾ ಬಿಡುತ್ತೇನೆ ಎಂದು ದೇವರ ಮುಂದೆ ಸೆರಗೊಡ್ಡಿದ್ದಳು.

"ಬಲಕ್ಕ ಹೂ ಕೊಟ್ಟಾನೋ ತಮ್ಮಾ. ಹರಕಿ ಹರೀತು. ಇದು ನೈವೇದ್ಯದ ಹೋಳಿಗಿ, ಕೂಸು ಎಲ್ಲಾರ ಮುಂದ ಬಾಯಾಗ ಹಾಕ್ಕೊಂಡ್ರ ಮುಗೀತು."

ಡಬ್ಬಿಯಿಂದ ಶೇಂಗಾದ ವಾಸನೆ ಘಮ್ಮೆಂದು ಬಂತು. ಸುಭಾಸ ಗಂಗಾಳನ್ನು ಬೆನ್ನ ಹಿಂದೆ ಸರಿಸಿಕೊಂಡ. ದೇವರು ಕೊಟ್ಟ ಅಪ್ಪಣೆಯನ್ನು ಬೇಡವೆನ್ನಲು ಅವನಿಗಿಂತ ದೊಡ್ಡ ದೇವರು ಬೇಕು. ಅದಕ್ಕಿಂತ, ಈ ಮುದುಕಿ ತನ್ನ ಸುಳ್ಳಿಗಾಗಿ ಚಹಾ ಬಿಟ್ಟಳಲ್ಲ ಎಂಬುದು ಅವನನ್ನು ಚುಚ್ಚಿತು. ಇನ್ನು ಉಪಾಯವಿಲ್ಲವೆಂದು ಕೈ ಮುಗಿದ.

"ತಪ್ಪಾತ್ರಿ. ಹರಕಿ ಹೊತ್ತೇ ಇಲ್ಲ, ಸುಳ್ಳ ಹೇಳಿದೆ. ಆಕೀಗೆ ಇರೂದು ಅಲರ್ಜಿ."

ಇಂದ್ರವ್ವ ಎದೆಯ ಮೇಲೆ ಕೈಯಿಟ್ಟು ಹೊಸ್ತಿಲ ಬಳಿ ಕುಸಿದು ಕೂತಳು. ಸುಭಾಸ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆಕೆ ದೀರ್ಘವಾಗಿ ಉಸಿರು ಬಿಟ್ಟಳು.

"ಅಲರ್ಜಿ ಅಷ್ಟ ಏನು? ದೇವರ ವಿಷಯ ಅಂತ ನನ್ನ ಜೀವಾನ ಹೋಗಿತ್ತಲ್ಲೋ."

ಓಣಿಯವರ ಮುಖವೆಲ್ಲ ಅರಳಿತು. ಹಣಮಂತಪ್ಪನವರು ನಕ್ಕು ಸುಭಾಸನ ಬೆನ್ನು ತಟ್ಟಿದರು. ಇಂದ್ರವ್ವ ತನಗೊಂದು ಕಪ್ ಚಹಾ ಇಡಲು ಯಾರಿಗೋ ಹೇಳಿ, ಡಬ್ಬಿಯಿಂದ ಎರಡು ಹೋಳಿಗೆ ಎತ್ತಿಕೊಂಡಳು.

"ಹಂಗಾರ ಇನ್ನೇನ ಅಡ್ಡಿ? ಬಾರವ್ವಾ ಗಂಗಾ."

ಸುಭಾಸ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತ. ಹಣಮಂತಪ್ಪನವರು ಸ್ಟೂಲು ತರಲು ಹೋದರು.