ಬಗ್ಗದ ಬೆನ್ನು ಮತ್ತು ಅತ್ತೆಯವರ ಟಗರು

"ಇನ್ನು ಮುಂದೆ ಈ ಬೆನ್ನು ಯಾರ ಮುಂದೆಯೂ ಬಗ್ಗುವುದಿಲ್ಲ! ಆ ಯಂತ್ರದ ಮುಂದಂತೂ ಬಗ್ಗುವುದೇ ಇಲ್ಲ!"

ಹಲ್ಲುಜ್ಜುವ ಬ್ರಶ್ಶನ್ನು ಕತ್ತಿಯಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ ನನ್ನಾಕೆ ತಲೆಯೆತ್ತಿಯೂ ನೋಡಲಿಲ್ಲ. ಅವಳು ನರಿಯೊಂದರ ಹೊಟ್ಟೆ ಹೊಲಿಯುತ್ತಿದ್ದಳು.

ಗಾಬರಿಯಾಗಬೇಡಿ. ಸತ್ತ ಪ್ರಾಣಿಗಳನ್ನು ಬದುಕಿರುವಂತೆ ನಿಲ್ಲಿಸುವುದು ನಮ್ಮ ಕಸುಬು. ಚರ್ಮ ಹೆರೆದು ತೆಳ್ಳಗೆ ಮಾಡುವವನು ನಾನು, ಅದನ್ನು ಅಚ್ಚಿನ ಮೇಲೆಳೆದು ಹೊಲಿಯುವವಳು ಅವಳು. ನನ್ನ ಹೆರೆಯುವ ಯಂತ್ರವೆಂದರೆ ಗಿರಗಿರನೆ ತಿರುಗುವ ದುಂಡನೆಯ ಅಲಗು. ಕೈ ತುಸು ತಪ್ಪಿದರೂ ಚರ್ಮಕ್ಕೆ ಕಿಟಕಿ ಬೀಳುತ್ತದೆ! ಹಾಗಾಗಿ ಮೂಗು ತಾಗುವಷ್ಟು ಬಗ್ಗಿ ನೋಡಬೇಕು. ಬಗ್ಗಿ ಬಗ್ಗಿ ನನ್ನ ಸೊಂಟ ಎಲ್ಲಿಗೆ ಬಂದಿತ್ತೆಂದರೆ, ನಾನು ಬೀದಿಯಲ್ಲಿ ನಡೆದರೆ ಏನೋ ಬೀಳಿಸಿಕೊಂಡಿದ್ದೇನೆಂದು ಅಕ್ಕಪಕ್ಕದವರೂ ಹುಡುಕುತ್ತಿದ್ದರು.

"ರೀ, ಯಂತ್ರದ ಮೇಜಿನ ಕಾಲುಗಳಿಗೆ ಇಟ್ಟಿಗೆ ಇಡಿ. ಎತ್ತರ ಆದ್ರೆ ಬಗ್ಗೋದೇ ಬೇಡ," ಎಂದಳು ಎಂದಿನಂತೆ.

"ಇಟ್ಟಿಗೆ! ಆನೆಯ ಬೆನ್ನನ್ನೇ ನೆಟ್ಟಗೆ ನಿಲ್ಲಿಸೋ ಕಲಾವಿದನಿಗೆ ಇಟ್ಟಿಗೆ!"

"ಆನೆ ಯಾವಾಗ ಬಂದಿತ್ತು ನಮ್ಮನೆಗೆ?"

"ಬಂದ್ರೆ ಅಂತ ಹೇಳಿದೆ ಕಣೇ!"

ಆನೆ ಬಂದಿರಲಿಲ್ಲ, ನಿಜ. ಬಂದಿದ್ದು ಅದಕ್ಕಿಂತ ಭಾರವಾದದ್ದು, ನಮ್ಮ ಅತ್ತೆಯವರ ಟಗರು! ಬದುಕಿದ್ದಾಗ ಅದು ಯಾರ ಮಾತನ್ನೂ ಕೇಳಿದ್ದಲ್ಲ. ಬಾ ಎಂದರೆ ಹೋಗುತ್ತಿತ್ತು, ಹೋಗು ಎಂದರೆ ಬಂದು ಗುದ್ದುತ್ತಿತ್ತು. ನನ್ನ ಸೊಂಟಕ್ಕೆ ಮೊದಲ ಪೆಟ್ಟು ಕೊಟ್ಟ ಪುಣ್ಯಾತ್ಮನೂ ಅದೇ. ಅತ್ತೆಯವರಿಗೋ ಅದು ಹೆತ್ತ ಮಗನಿಗಿಂತ ಹೆಚ್ಚು. "ಇದರ ಒಂದು ಕೂದಲು ಕೊಂಕಿದ್ರೂ ನನ್ನ ಮಗಳನ್ನ ಕರ್ಕೊಂಡು ಹೋಗ್ತೀನಿ ಅಳಿಯಂದಿರೇ," ಎಂದು ಕಣ್ಣೊರೆಸಿಕೊಂಡು ಹೋಗಿದ್ದರು. ಮಗಳು ಹೋದರೆ ಹೊಲಿಯುವ ಕೈಯೇ ಹೋದಂತೆ. ಅಂಗಡಿಗೂ ಬೀಗ, ನನ್ನ ಹೊಟ್ಟೆಗೂ ಬೀಗ!

ಆದರೂ ಇಟ್ಟಿಗೆಯೇ? ಛೇ! ಪ್ರಾಣಿ ನೆಟ್ಟಗೆ ನಿಲ್ಲಲು ಒಳಗೊಂದು ಹಲಗೆ ಇಡುತ್ತೇವೆ. ನನಗೆ ಹೊರಗೊಂದು ಹಲಗೆ! ಕತ್ತಿನಿಂದ ಸೊಂಟದವರೆಗೆ ಹಲಗೆಯಿಟ್ಟು ಬೆಲ್ಟುಗಳಿಂದ ಕಟ್ಟಲು ನನ್ನಾಕೆಗೆ ಹೇಳಿದೆ. ಬಕಲ್ಲುಗಳೆಲ್ಲ ಬೆನ್ನ ಹಿಂದೆ.

"ಇನ್ನೊಂದು ಬೆಲ್ಟ್ ಉಳಿದಿದೆ. ಬಾಯಿಗೂ ಕಟ್ಲಾ?" ಎಂದು ಕೇಳಿ, ದಾರ ತರಲು ಅಂಗಡಿಗೆ ಹೋದಳು.

ಯಂತ್ರದ ಮುಂದೆ ನಿಂತೆ. ಆಹಾ, ಎಂಥ ಗತ್ತು! ಗಡಿ ಕಾಯುವ ಸಿಪಾಯಿಯೂ ನಾಚಬೇಕು! ಒಂದೇ ತೊಂದರೆ, ಅಲಗು ಕಾಣುತ್ತಿಲ್ಲ. ಕಲಾವಿದನ ತಲೆ ಸುಮ್ಮನಿರುತ್ತದೆಯೇ? ಬಚ್ಚಲಮನೆಯ ಕನ್ನಡಿ ತಂದು ಯಂತ್ರದ ಹಿಂದೆ ಓರೆಯಾಗಿ ನಿಲ್ಲಿಸಿದೆ. ಕನ್ನಡಿಯಲ್ಲಿ ಅಲಗು ಸ್ಪಷ್ಟವಾಗಿ ಕಂಡಿತು. ಟಗರಿನ ಚರ್ಮ ಹಿಡಿದು ಸ್ವಿಚ್ಚು ಒತ್ತಿದೆ.

ಕುತ್ತಿಗೆಯವರೆಗೆ ಕೆಲಸ ಹೂವೆತ್ತಿದಂತೆ ಸಾಗಿತು. ಕಿವಿಯ ಬುಡಕ್ಕೆ ಬಂದಾಗ ಕನ್ನಡಿಯಲ್ಲಿ ನೋಡಿ ಎಡಕ್ಕೆ ತಿರುಗಿಸಿದೆ. ಎಡವೆನ್ನುವುದು ಬಲವಾಗಿತ್ತು! "ಚರಕ್!" ಎಂದಿತು. ಕನ್ನಡಿಯೊಳಗಿನ ಕಿವಿ ಒಂದು ಕಡೆ ಹಾರಿತು, ನಿಜವಾದದ್ದು ಇನ್ನೊಂದು ಕಡೆ ಹಾರಿ ನೆಲಕ್ಕೆ ಬಿತ್ತು.

ಯಂತ್ರ ಆರಿಸಿದೆ. ನನ್ನ ಜೀವವೂ ಅರ್ಧ ಆರಿತ್ತು. ಕಿವಿ ಎತ್ತಿಕೊಳ್ಳೋಣವೆಂದರೆ ಬಗ್ಗುವಂತಿಲ್ಲ! ಬಕಲ್ಲು ಬಿಚ್ಚೋಣವೆಂದರೆ ಕೈ ಎಟುಕುವುದಿಲ್ಲ! ಕಾಲ್ಬೆರಳಲ್ಲಿ ಚಿವುಟಿ ಎತ್ತಲು ಹೆಣಗುತ್ತಿದ್ದಾಗ ನಮ್ಮ ಬೆಕ್ಕು ಬಂತು. ಕಿವಿಯನ್ನು ನೋಡಿತು, ನನ್ನನ್ನು ನೋಡಿತು. ಇವನಿಂದ ಏನೂ ಆಗದು ಎಂಬುದು ಅದಕ್ಕೆ ತಿಳಿದುಹೋಯಿತು. ಕಿವಿ ಕಚ್ಚಿಕೊಂಡು ಬಾಗಿಲಿಗೆ ಓಡಿತು.

ಬಾಗಿಲು ತೆರೆಯಿತು. ಅತ್ತೆಯವರು!

ಬೆಕ್ಕು ಬೆದರಿ ಕಿವಿಯನ್ನು ಅವರ ಪಾದದ ಬಳಿಯೇ ಬಿಟ್ಟು ಪರಾರಿಯಾಯಿತು. ಅವರು ಕೆಳಗೆ ನೋಡುವುದರೊಳಗೆ ಅದನ್ನು ಮುಚ್ಚಬೇಕು! ದೇವರೇ ಗತಿ ಎಂದು ಮುಂದಕ್ಕೆ ನುಗ್ಗಿದೆ. ಬಗ್ಗದ ಮನುಷ್ಯ ನುಗ್ಗಿದರೆ ಏನಾಗುತ್ತದೆ? ಕಡಿದ ಮರದಂತೆ ಉದ್ದಕ್ಕೆ ಉರುಳಿದೆ. ಸೊಂಟದಲ್ಲಿ ಲಟಕ್ಕೆಂದಿತು.

"ಅಯ್ಯೋ, ಏಳಿ ಅಳಿಯಂದಿರೇ! ಇಷ್ಟೊಂದು ಮರ್ಯಾದೆ ಯಾಕೆ!" ಅತ್ತೆಯವರು ಕೈಯೆತ್ತಿ ಹರಸಿದರು.

"ಇರಲಿ ಅತ್ತೆ... ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ತೀನಿ," ಎಂದು ನೆಲಕ್ಕೆ ಮೂಗೊತ್ತಿಕೊಂಡೇ ನರಳಿದೆ. ಕಿವಿ ನನ್ನ ಹೊಟ್ಟೆಯ ಕೆಳಗಿತ್ತು.

ಅಷ್ಟರಲ್ಲಿ ನನ್ನಾಕೆ ಬಂದಳು. ಒಂದೇ ನೋಟಕ್ಕೆ ಎಲ್ಲವನ್ನೂ ಓದಿಕೊಂಡಳು. ಅಮ್ಮನನ್ನು ನೀರು ಕುಡಿಯಲು ಒಳಗೆ ಕಳಿಸಿ, ನನ್ನನ್ನು ಉರುಳಿಸಿ, ಕಿವಿಯನ್ನು ದಾರದ ಚೀಲಕ್ಕೆ ಸೇರಿಸಿದಳು. ಆ ಕ್ಷಣ ಅವಳ ಮೇಲೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ!

ಆಮೇಲೆ ಹಾಸಿಗೆ ಹಿಡಿದೆ. ಎದ್ದು ಬಂದು ನೋಡಿದರೆ ಯಂತ್ರದ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆಗಳಿದ್ದವು. ಬೆನ್ನು ನೆಟ್ಟಗಿಟ್ಟುಕೊಂಡೇ ನಿಂತು ನೋಡಿದೆ. ಅಲಗು ಚೆನ್ನಾಗಿ ಕಂಡಿತು.

ಟಗರೂ ಸಿದ್ಧವಾಯಿತು. ಹೊಲಿಗೆ ಒಂದಿಷ್ಟೂ ಕಾಣದು, ಆದರೆ ಆ ಕಿವಿ ಮಾತ್ರ ತುಸು ಮುಂದಕ್ಕೆ ನಿಮಿರಿ ನಿಂತಿತ್ತು. ಅತ್ತೆಯವರು ಸುತ್ತ ಒಂದು ಸಲ ನಡೆದರು.

"ಅಬ್ಬಾ! ಬದುಕಿದ್ದಾಗ ಒಬ್ಬರ ಮಾತೂ ಕೇಳದ ಪ್ರಾಣಿ, ಈಗ ಎಷ್ಟು ಗಮನ ಇಟ್ಟು ಕೇಳಿಸಿಕೊಳ್ಳೋ ಹಾಗೆ ನಿಂತಿದೆ ನೋಡೇ!" ಎಂದು ಹಿಗ್ಗಿದರು.

ನನ್ನಾಕೆ ಟಗರನ್ನು ನೋಡಿದಳು, ಇಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು.

"ಹೌದಮ್ಮ. ಅದಕ್ಕೆ ಸತ್ತ ಮೇಲೆ ಬುದ್ಧಿ ಬಂತು. ನಿನ್ನ ಅಳಿಯನಿಗೆ ಬರೀ ಸೊಂಟ ಮುರಿದಿದ್ದಕ್ಕೇ ಬಂತು!"